ಹೊಕ್ಕಳದ ಎಡಬಾಜೂ

ಕುಲಗೋಡದಿಂದ ಗೋಕಾಕಿಗೆ ಹೋಗೋ ಬಸ್ಸಿನ್ಯಾಗ ಕಿಡಕಿ ಬಾಜೂ ಜಾಗಾ ಸಿಕ್ಕರ ಸಾಕು, ನನ್ನ ಬಲಗೈ ನನ್ನ ಕೇಳದನ ಸೆರಗಿನ ಒಳಗ ಹೊಕ್ಕು ಹೊಟ್ಟಿ ಮ್ಯಾಲ ತಿರಗಾಡಾಕ ಸುರು ಮಾಡತೈತಿ. ಹೊಕ್ಕಳದ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮ್ಯಾಲ, ಕೆಳಗ. ಮೂರು ಬಟ್ಟು ಕೂಡಿಸಿ ಮೆಲ್ಲಕ ಒತ್ತಿ ನೋಡತೈತಿ. ಮೊನ್ನಿ ಹಿಂಗ ಒತ್ತಕೋತ ಕುಂತಿದ್ದೆ, ಕಂಡಕ್ಟರ್ ಬಂದು ನಿಂತ. ಸ್ವಲ್ಪ ಹೊತ್ತು ನೋಡಿದ. "ಅಜ್ಜಿ, ಆಧಾರ ಕಾರ್ಡ ಹುಡಕಾಕತ್ತೀರೋ, ಹೊಟ್ಟಿ ಎಲ್ಲೈತಿ ಅಂತ ಹುಡಕಾಕತ್ತೀರೋ?" ಅಂದ. ಹಿಂದ ಮುಂದ ಕುಂತವ್ರೆಲ್ಲಾ ನಕ್ಕರು. ಬಾಜೂ ಕುಂತ ಹೆಣಮಗಳೊಬ್ಬಾಕಿ ನಗಲಿಲ್ಲ, ಪಾಪ. "ಹೊಟ್ಟಿ ನೋಯಾಕತ್ತೈತೇನ್ರಿ? ಅಜವಾನ ಕೊಡಲಿ?" ಅಂತ ಚೀಲಕ್ಕ ಕೈ ಹಾಕಿದಳು. ಅಜವಾನ ಇಸಗೊಂಡು ತಿಂದೆ.

ಏನಂತ ಹೇಳಲಿ ಆಕೀಗೆ? ಈ ಚಾಳಿ ನನಗ ಬಿದ್ದದ್ದು ಹೋದ ವರ್ಷ. ಅದರ ಹಿಂದಿನ ಸುದ್ದಿ ಹೇಳಿದ್ರ ನನ್ನ ಮಾನಾನೂ ಹೋಗತೈತಿ, ನಮ್ಮ ಮನಿಯವ್ರ ಮಾನಾನೂ ಹೋಗತೈತಿ. ಆದ್ರ ನಿಮ್ಮ ಮುಂದ ಏನ ಮುಚ್ಚೂದು? ಹೋಗೋ ಜೀವ ಉಳದು ಬಂದೈತಿ, ಇನ್ನ ಮಾನ ಹಿಡಕೊಂಡ ಏನ ಮಾಡ್ಲಿ. ಹೇಳಿಬಿಡತೇನಿ, ಕೇಳ್ರಿ.

ನಾ ಮೂವತ್ತ ವರ್ಷ ಕುಲಗೋಡದ ಅಂಗನವಾಡಿಯೊಳಗ ಟೀಚರ್ ಆಗಿ ದುಡದು ನಿವೃತ್ತಿ ಆದಾಕಿ. ಊರಾಗಿನ ಅರ್ಧಾ ಮಂದಿ ನನ್ನ ಮುಂದ ಮೂಗ ಸುರಸಕೋತ ಕುಂತವ್ರ. ಈಗ ಮೀಸಿ ತಿರಿವಿಕೊಂಡ ಟ್ರ್ಯಾಕ್ಟರ್ ಹೊಡ್ಯಾವ್ರೂ ನನ್ನ ಕಂಡ್ರ "ಟೀಚರ, ಆರಾಮ ಅದೀರೇನ್ರಿ?" ಅಂತ ಕೇಳತಾರ. ನಮ್ಮ ಮನಿಯವ್ರು ಕುರಿ ಸಾಕಿದವ್ರು. ಹೆಸರ ಹೇಳಂಗಿಲ್ಲ, ನಲವತ್ತೈದ ವರ್ಷದಾಗ ಒಮ್ಮೆನೂ ಹೇಳಿಲ್ಲ, ಈಗ ಹೇಳಾಕ ಹೋದ್ರ ನನಗ ನಗಿ ಬರತೈತಿ. ಮೊದಲ ಎರಡನೂರ ಕುರಿ ಇದ್ದವು, ಈಗ ಮೊಣಕಾಲ ಹಿಡದ ಮ್ಯಾಲ ಮೂವತ್ತಕ್ಕ ಬಂದಾವು. ಮನ್ಯಾಗ ಮಗ, ಸೊಸಿ ರೇಣುಕಾ, ಎರಡ ಮೊಮ್ಮಕ್ಕಳು. ಮಗ ಕಬ್ಬಿನ ಲೋಡ್ ಹೊಡೀತಾನ, ಆದ್ರ ಸೂಜಿ ಕಂಡ್ರ ಸಾಕು, ಅಷ್ಟ ದೊಡ್ಡ ಗಂಡಸು ಗ್ವಾಡಿ ಹಿಡಕೊಂಡ ಕುಂತಬಿಡತಾನ.

ನನಗ ಸಕ್ಕರಿ ಬ್ಯಾನಿ ಬಂದು ಭಾಳ ವರ್ಷ ಆತು. ಗುಳಿಗಿ ನುಂಗಕೋತ ನಡದಿತ್ತು. ಒಂದ ದಿನ ಗೋಕಾಕಿನ ಡಾಕ್ಟರ್ ರಕ್ತದ ಚೀಟಿ ನೋಡಿ, "ಗುಳಿಗಿಗೆ ಇನ್ನ ಬಗ್ಗಂಗಿಲ್ರಿ ಅಮ್ಮಾರ, ಇನ್ಸುಲಿನ್ ಸುರು ಮಾಡೂನು" ಅಂದ್ರು. ನನ್ನ ಎದಿ ಧಸಕ್ ಅಂತು. ನಮ್ಮ ಕಡೆ ಇನ್ಸುಲಿನ್ ಅಂದ್ರ ಮಂದಿ ದನಿ ಸಣ್ಣ ಮಾಡಿ ಮಾತಾಡತಾರ. ಇನ್ನೇನ ಮುಗೀತು ಅನ್ನೋವ್ರಿಗೆ ಕೊಡೂದದು ಅಂತ ನಾನೂ ತಿಳಕೊಂಡಿದ್ದೆ. ಅದೂ ಎಲ್ಲಿ, ಹೊಟ್ಟಿಗೆ! ಬಸ್ ಸ್ಟ್ಯಾಂಡಿನ್ಯಾಗ ಕಟ್ಟಿ ಮ್ಯಾಲ ಕುಂತು ಮಂದಿ ನೋಡೂ ಹಂಗ ಅತ್ತೆ. ನಮ್ಮ ಮನಿಯವ್ರು ಬಾಜೂ ನಿಂತು ಎಲಿ ಅಡಿಕಿ ಹಾಕಾಕತ್ತಿದ್ರು.

"ಸೂಜಿಗೆ ಅಳತಿ ಏನ ಟೀಚರ?" ಅಂದ್ರು. "ನಾ ಅದೇನಿ. ಎಷ್ಟ ಕುರಿಗೆ ಹಾಕೇನಿ ಈ ಕೈಲೆ, ಒಂದರ ಬ್ಯಾ ಅಂದೈತೇನ?"

"ನಾ ಏನ ಕುರಿ ಏನ್ರಿ?"

"ಕುರಿ ಚಲೋ ಇರತಾವು, ಸುಮ್ಮನ ನಿಲ್ಲತಾವು" ಅಂದ್ರು.

ನನಗ ಕಣ್ಣಾಗ ಪೊರಿ, ಸಿರಿಂಜಿನ ಮ್ಯಾಲಿನ ಸಣ್ಣ ಗೆರಿ ಕಾಣಸ್ತಿದ್ದಿಲ್ಲ. ಕೈ ಬ್ಯಾರೆ ನಡಗತಿತ್ತು. ಹಿಂಗಾಗಿ ಅವತ್ತಿನಿಂದ ನನ್ನ ಜೀವ ಅವರ ಕೈಯಾಗ ಬಂತು. ಮುಂಜಾನಿ ಒಮ್ಮೆ, ಸಂಜಿ ಒಮ್ಮೆ.

ಆ ಕೈ ಸುದ್ದಿ ಒಂದೀಟ ಹೇಳಬೇಕು. ಸುತ್ತ ನಾಕ ಊರಾಗ ಯಾರ ಕುರಿಗೆ ಏನಾದ್ರೂ ಮೊದಲ ಇವರ್ನ ಕರೀತಿದ್ರು. ಮರಿ ಅಡ್ಡ ಸಿಕ್ಕಿದ್ರ ಕೈ ಹಾಕಿ ತಿರಿವಿ ತಗೀತಿದ್ರು. ಕುರಿ ಮೈ ಸವರಿ, ಜ್ವರ ಎಷ್ಟೈತಿ ಅಂತ ಹೇಳತಿದ್ರು. ಸೂಜಿ ಅಂತೂ ಹಾಕಿದ್ದ ಗೊತ್ತಾಗತಿದ್ದಿಲ್ಲ. ತೊಗಲು ಚಿವುಟಿ ಎತ್ತೂದು, ಸೂಜಿ ತೂರಸೂದು, ಬಿಡೂದು, ಮುಂದಿನ ಕುರಿ. ಒಂದ ಸೂಜಿಲೆ ಅರ್ಧಾ ಹಿಂಡು ಮುಗಸ್ತಿದ್ರು. ಮೊಂಡ ಆದ ಮ್ಯಾಲನ ಬ್ಯಾರೆ ಸೂಜಿ.

ನನಗೂ ಅದು ಹೊಸಾದಲ್ಲ. ನನ್ನ ತವರು ಕಲ್ಲೋಳಿ, ನಮ್ಮಪ್ಪನೂ ಕುರಿ ಸಾಕಿದಾಂವ. ಸಣ್ಣಾಕಿದ್ದಾಗ ಕುರಿಗೆ ಸಿಡುಬಿನ ಸೂಜಿ ಹಾಕೋ ದಿನ ನಾ ಸಾಲಿ ತಪ್ಪಸತಿದ್ದೆ. ಸೂಜಿ ಹಾಕಿದ ಕುರಿಗೆ ಕೆಂಪ ಬಣ್ಣದ ಗುರತ ಹಚ್ಚೂದು ನನ್ನ ಕೆಲಸ. ಕುರಿಗಿಂತ ನನ್ನ ಲಂಗಕ್ಕನ ಹೆಚ್ಚ ಬಣ್ಣ ಆಗಿರತಿತ್ತು, ನಮ್ಮವ್ವ ಬೈತಿದ್ದಳು. ಎಂಟ ದಿನ ಬಿಟ್ಟು ನಮ್ಮಪ್ಪ ಒಂದೊಂದ ಕುರಿ ಹಿಡದು, ಸೂಜಿ ಹಾಕಿದ ಜಾಗಾ ಹೆಬ್ಬಟ್ಟಿಲೆ ಒತ್ತಿ ನೋಡತಿದ್ದ. ಅಲ್ಲಿ ಸಣ್ಣ ಗಂಟು ಸಿಕ್ಕರ ಮಾರಿ ಅರಳತಿತ್ತು. "ಮದ್ದ ಹಿಡದೈತಿ" ಅಂತಿದ್ದ. ಗಂಟ ಬರದ ಕುರಿಗೆ "ಇದಕ್ಕ ಹಿಡೀಲಿಲ್ಲ ನೋಡ" ಅಂತ ಮತ್ತೊಮ್ಮೆ ಸೂಜಿ. ಕುರುಬರ ಮನ್ಯಾಗ ಯಾರ್ನ ಕೇಳ್ರಿ, ಗಂಟ ಬಂದ್ರ ಮದ್ದ ಹಿಡದಂಗ ಅಂತನ ಹೇಳತಾರ.

ಆಮ್ಯಾಲ ನಾ ಅಂಗನವಾಡಿ ಟೀಚರ್ ಆದೆ. ಅಲ್ಲೂ ಅದ ಮಾತು. ಕೂಸಿನ ರಟ್ಟಿಗೆ ಕ್ಷಯದ ಸೂಜಿ ಹಾಕಿ ತಿಂಗಳಾದ ಮ್ಯಾಲ ಅಲ್ಲೊಂದು ಗಂಟ ಏಳತೈತಿ. ತಾಯಂದ್ರು ಗಾಬರಿ ಆಗಿ ಓಡಿ ಬರತಿದ್ರು. ನಾ ಕನ್ನಡಕ ಏರಿಸಿಕೊಂಡು ಹೇಳತಿದ್ದೆ: "ಅಂಜಬ್ಯಾಡ್ರೆವಾ, ಗಂಟ ಬಂತಂದ್ರ ಮದ್ದ ಹಿಡದೈತಿ ಅಂತ ಅರ್ಥ." ಅದು ಖರೇನೂ ಹೌದು, ಕೂಸಿನ ಆ ಸೂಜಿಗೆ. ಹಿಂಗ ಒಂದ ಮನ್ಯಾಗ ಎರಡ ಶಾಣ್ಯಾ ಜೀವ ಕೂಡಿದ್ವು. ಒಬ್ಬರು ಕುರಿ ಕಡಿಂದ ಕಲತವ್ರು, ಒಬ್ಬಾಕಿ ಕೂಸಿನ ಕಡಿಂದ ಕಲತಾಕಿ.

ಇನ್ಸುಲಿನ್ ಸುರು ಆದ ಮೊದಲನೇ ವಾರ ಗೋಕಾಕಿನ ಸಿಸ್ಟರ್ ಹೇಳಿಕೊಟ್ಟಂಗ ಒಂದ ದಿನ ಎಡಕ್ಕ, ಒಂದ ದಿನ ಬಲಕ್ಕ, ಒಂದ ದಿನ ತೊಡಿಗೆ ಅಂತ ಹಾಕಿದ್ರು. ಯವ್ವಾ, ಬಲಕ್ಕ ಚುರ್ ಅಂತಿತ್ತು. ತೊಡಿಗಂತೂ ಇರಿವಿ ಕಡದಂಗ. ಹೊಕ್ಕಳದ ಎಡಬಾಜೂ ಎರಡ ಬಟ್ಟಿನ ಅಂತರದಾಗ ಒಂದ ಜಾಗಾ ಇತ್ತು ನೋಡ್ರಿ, ಅಲ್ಲಿ ಚುಚ್ಚಿದ್ರ ಏನೂ ಆಗತಿದ್ದಿಲ್ಲ. "ಇಲ್ಲೇ ಹಾಕ್ರಿ, ಇಲ್ಲಿ ನೋಯಂಗಿಲ್ಲ" ಅಂದೆ. ಮರುದಿನಾನೂ ಅಲ್ಲೇ ಅಂದೆ. ಹದಿನೈದ ದಿನದಾಗ ಆ ಜಾಗಾ ನಮ್ಮಿಬ್ಬರಿಗೂ ರೂಢಿ ಆಗಿಹೋತು. ಮುಂಜಾನಿ ರೊಟ್ಟಿ ಬಡಿಯೂ ಸಪ್ಪಳ ಸುರು ಆದ್ರ ಸಾಕು, ನಾ ಹೊರಸಿನ ಮ್ಯಾಲ ಅಡ್ಡ ಆಗತಿದ್ದೆ, ಅವ್ರು ಎಡಬಾಜೂ ಬಂದು ಕುಂಡ್ರತಿದ್ರು. ಕಣ್ಣ ಮುಚ್ಚಿ ಹಾಕಿದ್ರೂ ಅದ ಜಾಗಾಕ್ಕ ಬೀಳತಿತ್ತು. ಒಂದ ಸಿರಿಂಜು ಅದು ಮೊಂಡ ಆಗೋತನಕ.

ಮೂರ್ನಾಕ ತಿಂಗಳಿಗೆ ಅಲ್ಲಿ ಗಂಟ ಬಂತು. ಮೊದಲ ಲಿಂಬಿಹಣ್ಣಿನಷ್ಟು, ಆಮ್ಯಾಲ ಸಣ್ಣ ಬನ್ನಿನಷ್ಟು, ಮೆತ್ತಗ. ನಿಮಗ ಹೇಳಾಕ ನಾಚಿಕಿ ಬರತೈತಿ, ಅವತ್ತ ನಮ್ಮ ಮನ್ಯಾಗ ಖುಷಿ ಅಂದ್ರ ಖುಷಿ. ಅವ್ರು ಹೆಬ್ಬಟ್ಟಿಲೆ ಒತ್ತಿ ನೋಡಿದ್ರು. ನಮ್ಮಪ್ಪ ಕುರಿಗೆ ಒತ್ತಿದಂಗ ಒತ್ತಿದ್ರು. "ಟೀಚರ, ಮದ್ದ ಹಿಡದೈತಿ" ಅಂದ್ರು. "ಹೌದಲ್ರಿ!" ಅಂತ ನಾನೂ ಹಿಗ್ಗಿದೆ. ಬಾಜೂ ಮನಿ ಗಂಗವ್ವಗ ಕರದು ತೋರಿಸಿದೆ. ಆಕಿಗೂ ಸಕ್ಕರಿ ಬ್ಯಾನಿ, ಆಕಿನೂ ಸೂಜಿ ಹಾಕಸ್ಕೋತಾಳ, "ನನಗ ಇನ್ನೂ ಬಂದಿಲ್ಲ ನೋಡ್ರಿ" ಅಂತ ಮಾರಿ ಸಣ್ಣ ಮಾಡಿದಳು. ನಾ ಆಕಿಗೆ ಧೈರ್ಯ ಬ್ಯಾರೆ ಹೇಳಿದೆ, ಬರತೈತಿ ತಗೋ ಅಂತ.

ಗಂಟ ಬಂತು, ಸಕ್ಕರಿ ಮಾತ್ರ ಇಳೀಲಿಲ್ಲ. ಒಂದ ದಿನ ಮುಗಲಿಗೆ ಮುಟ್ಟತಿತ್ತು, ಒಂದ ದಿನ ಒಂದೀಟ ಕೆಳಗ. ಡಾಕ್ಟರ್ ಇನ್ಸುಲಿನ್ ಹನ್ನೆರಡ ಯುನಿಟ್ ಇದ್ದದ್ದು ಹದಿನೆಂಟ ಮಾಡಿದ್ರು, ಇಪ್ಪತ್ತನಾಕ ಮಾಡಿದ್ರು, ಕಡೀಕ ಮೂವತ್ತನಾಕಕ್ಕ ಬಂತು. "ಏನ ತಿಂತೀರಿ ಖರೆ ಹೇಳ್ರಿ" ಅಂದ್ರು. "ಎರಡ ರೊಟ್ಟಿ, ಪಲ್ಲೆ, ದೇವರಾಣಿ" ಅಂದೆ. ಸೂಜಿ ಹಾಕೋ ಜಾಗಾ ತೋರಸ್ರಿ ಅಂತ ಡಾಕ್ಟರ್ ಒಮ್ಮೆ ಅಲ್ಲ, ಎರಡ ಸಲ ಕೇಳಿದ್ರು. ಗಂಡಸು ಡಾಕ್ಟರ್ ಮುಂದ ಸೀರಿ ಸರಸೂದು ಹೆಂಗ ಅಂತ, "ಎಲ್ಲಾ ಚಲೋ ಐತ್ರಿ ಸಾಹೇಬ್ರ" ಅಂದುಬಿಟ್ಟೆ. ನೋಡ್ರಿ ನನ್ನ ಶಾಣ್ಯಾತನ, ಗಂಗವ್ವಗ ಕರದು ತೋರಿಸಿದ್ದು ಡಾಕ್ಟರಿಗೆ ತೋರಿಸಲಿಲ್ಲ.

ಮನ್ಯಾಗ ಎಲ್ಲಾರ ಸಂಶೆ ಗೋಕಾಕಿನ ಬೆಲ್ಲದ ಕರದಂಟಿನ ಮ್ಯಾಲ. ಗೋಕಾಕಿಗೆ ಹೋಗಿ ಬಂದ ದಿನ ರೇಣುಕಾ ನನ್ನ ಚೀಲ ತಡಕಾಡತಿದ್ದಳು. "ಅತ್ತಿ, ಖರೆ ಹೇಳ್ರಿ, ಒಂದ ಚೂರರ ತಿಂದ್ರಿ ಹೌದಲ್ಲೋ?" ಅಂತಿದ್ದಳು. ನಮ್ಮ ಮನಿಯವ್ರು ನಾ ಮಾತಾಡಾಕ ಹತ್ತಿದ್ರ ಬಾಯಿ ಬಾಜೂ ಮೂಗ ತಂದು ವಾಸನಿ ನೋಡತಿದ್ರು. ಖರೆ ಹೇಳಲಿ? ಒಂದ ಸಲ ತಿಂದಿದ್ದೆ. ಒಂದ ಸಲ ಅಷ್ಟ. ಅದರ ಪಾಪದ ಭಾರಕ್ಕ ಇದೆಲ್ಲಾ ನನ್ನ ನಾಲಿಗಿ ಮಾಡಿದ್ದು ಅಂತ ನಾನೂ ನಂಬಿದ್ದೆ.

ಹಿಂಗಿರೂ ಮುಂದ ನಮ್ಮ ಮನಿಯವ್ರು ಹುಕ್ಕೇರಿ ಕಡೆ ಕಣಗಲಾಕ್ಕ ಹೋದ್ರು, ತಂಗಿ ಮಗಳ ನಿಶ್ಚಯಕ್ಕ. ಎರಡ ದಿನದ ಮಾತು. ಹೋಗೂಮುಂದ ರೇಣುಕಾಗ ಸಿರಿಂಜು ಕೈಯಾಗ ಕೊಟ್ಟು, ಮೂವತ್ತನಾಕನೇ ಗೆರಿ ನಾಕ ಸಲ ತೋರಿಸಿ, "ಅಲ್ಲೇ ಹಾಕ, ಎಡಕ್ಕ, ಗಂಟಿನ ಮ್ಯಾಲ" ಅಂತ ಹೇಳಿ ಹೋದ್ರು. ಮುಂಜಾನಿ ಆಕಿ ಬಂದು ಕುಂತಳು. ನನ್ನ ಹೊಟ್ಟಿ ನೋಡಿದವಳ ಹಿಂದ ಸರದಳು.

"ಅತ್ತಿ, ಇಲ್ಲಿ ಬಾತೈತ್ರಿ. ಬಾತದ್ದರ ಮ್ಯಾಲ ಹೆಂಗ ಚುಚ್ಚಲಿ? ನನಗ ಅಂಜಿಕಿ ಬರತೈತಿ."

"ಅದ ಬಾವಲ್ಲ, ಮದ್ದ ಹಿಡದದ್ದು. ಚುಚ್ಚ ಸುಮ್ಮನ" ಅಂತ ಕಣ್ಣ ಮುಚ್ಚಿದೆ. ಆಕಿ ಚುಚ್ಚಿದಳು. ಬಲಕ್ಕ! ಮನಿ ಹಾರೂ ಹಂಗ ಚೀರಿದೆ. "ಎಡಕ್ಕ ಅಂದ್ರ ಎಡಕ್ಕ ಗೊತ್ತಾಗಂಗಿಲ್ಲೇನ ನಿನಗ, ಮಕ್ಕಳಿಗೆ ಇನ್ನೇನ ಕಲಸ್ತಿ" ಅಂತ ಬೈದೆ. ಆಕಿ ಪಾಪ, "ತಪ್ಪಾತ್ರಿ ಅತ್ತಿ, ಆ ಗಂಟಿನ ಮ್ಯಾಲ ನನ್ನ ಕೈ ಹೋಗಲಿಲ್ರಿ" ಅಂದಳು.

ದಿನದಂಗ ರೊಟ್ಟಿ ತಿಂದೆ. ಪಡಸಾಲ್ಯಾಗ ಕುಂತು ಶೇಂಗಾ ಸುಲಿಯಾಕ ಹತ್ತಿದೆ. ಹತ್ತ ಗಂಟೆ ಆಗಿರಬೇಕು. ಮೈಯೆಲ್ಲಾ ಬೆವತು ಕುಬಸ ತೊಯ್ದುಹೋತು. ಬಿಸಲಿಗೆ ಅಂತ ತಿಳದೆ. ಕೈಯಾಗಿನ ಶೇಂಗಾ ಬುಟ್ಟಿಗೆ ಬೀಳವಲ್ದು, ಬಾಜೂ ಬೀಳಾಕತ್ತಿತು. ಎದಿ ಡವಡವ. ಸೊಸೀನ ಕರೀಬೇಕು, ಆಕಿ ಹೆಸರ ನೆನಪ ಆಗವಲ್ದು! ಹನ್ನೆರಡ ವರ್ಷ ಒಂದ ಮನ್ಯಾಗ ಇದ್ದಾಕಿ ಹೆಸರು. ಬಾಯಾಗ ಬಂದದ್ದು "ಅವ್ವಾ" ಅನ್ನೂದೊಂದ. ನಾಲಿಗಿ ದಪ್ಪ ಆಗಿ ಅದೂ ಪೂರಾ ಬರಲಿಲ್ಲ. ಆಮ್ಯಾಲ ಏನಾತೋ ನನಗ ಗೊತ್ತಿಲ್ಲ. ರೇಣುಕಾ ಹೇಳತಾಳ, ನಾ ಶೇಂಗಾ ಸಿಪ್ಪಿ ಮ್ಯಾಲ ಅಡ್ಡ ಬಿದ್ದು ಕಣ್ಣ ಗುಡ್ಡಿ ಮ್ಯಾಲ ಮಾಡಿದ್ದೆನಂತ. ನೀರ ಕುಡಸಬ್ಯಾಡ, ಉಸರಗಟ್ಟತಾಳ ಅಂತ ಗಂಗವ್ವ ಅಂದಳಂತ. ರೇಣುಕಾ ನನ್ನ ಗಲ್ಲದ ಒಳಗ ಜೇನತುಪ್ಪ ಸವರಕೋತ, ಮಂದಿ ಗಾಡ್ಯಾಗ ಹಾಕಿಕೊಂಡು ಮೂಡಲಗಿಗೆ ಒಯ್ದಳಂತ.

ಕಣ್ಣ ಬಿಟ್ಟಾಗ ದವಾಖಾನಿ ಮಂಚದ ಮ್ಯಾಲ ಇದ್ದೆ, ಕೈಗೆ ಗ್ಲುಕೋಸ್ ಹಚ್ಚಿದ್ರು. "ಸಕ್ಕರಿ ಪೂರಾ ಇಳದುಹೋಗಿತ್ರಿ, ಇನ್ನೊಂದೀಟ ತಡಾ ಮಾಡಿದ್ರ ಕಷ್ಟ ಇತ್ತು" ಅಂದ್ರು ಅಲ್ಲಿಯವ್ರು. ಅಲ್ಲ, ಇಡೀ ವರ್ಷ ಇಳಸಾಕ ಒದ್ದಾಡಿದ ಸಕ್ಕರಿ ಒಂದ ಮುಂಜಾನ್ಯಾಗ ಹೆಂಗ ಇಳೀತು? ನನ್ನ ಮೈಯಾಗಿಂದ ಜೀವ ಹೊರಬಿದ್ದು ಮತ್ತ ಒಳಗ ಬಂದಂಗ ಆಗಿತ್ತು.

ಕಣಗಲಾದಿಂದ ನಮ್ಮ ಮನಿಯವ್ರು ಊಟದ ಎಲಿ ಬಿಟ್ಟು ಎದ್ದು ಬಂದಿದ್ರು. ಮಂಚದ ಹತ್ರ ಬಂದವ್ರ ನನ್ನ ಮಾರಿ ನೋಡಿದ್ರು, ಆಮ್ಯಾಲ ಸೊಸಿ ಕಡೆ ತಿರಗಿದ್ರು. "ಏನ ಹಾಕಿದಿ ಆಕಿಗೆ?"

"ನೀವ ಹೇಳಿದಷ್ಟ ಹಾಕೇನ್ರಿ ಮಾವಾ. ಮೂವತ್ತನಾಕ."

"ಸುಳ್ಳ ಹೇಳಬ್ಯಾಡ! ಇಡೀ ವರ್ಷ ನಾ ಹಾಕಿದಾಗ ಏನೂ ಆಗಿಲ್ಲ. ನೀ ಒಮ್ಮೆ ಮುಟ್ಟಿದಿ, ಆಕಿ ಸಾಯಾಕ ಬಿದ್ದಳು."

ರೇಣುಕಾ ಸೆರಗ ಬಾಯಿಗೆ ಒತ್ತಿ ಅಳಾಕ ಹತ್ತಿದಳು. ನಾ ಏನ ಮಾಡಿದೆ ಹೇಳಲೇನು? "ಆಕಿ ಕೈ ಚಲೋ ಇಲ್ಲ, ಜಾಗಾನೂ ತಪ್ಪಿದಳು" ಅಂತ ಮಲಕೊಂಡಲ್ಲೇ ಹೇಳಿದೆ. ನನ್ನ ಜೀವ ಉಳಿಸಿದಾಕಿಗೆ.

ಎರಡ ದಿನ ಬಿಟ್ಟು ಮೂವರೂ ಗೋಕಾಕಿಗೆ ಹೋದ್ವಿ. ರೇಣುಕಾನ್ನ ಕರಕೊಂಡ ಹೋದದ್ದು ಡಾಕ್ಟರ್ ಕಡಿಂದ ಬೈಸಾಕ. ಅಲ್ಲಿ ಹುಕ್ಕೇರಿ ಕಡೇದ ಒಬ್ಬಾಕಿ ಹೊಸಾ ಸಿಸ್ಟರ್ ಬಂದಿದ್ದಳು. ನನ್ನ ಪಡದೆ ಹಿಂದ ಕರಕೊಂಡ ಹೋಗಿ, "ಸೂಜಿ ಎಲ್ಲಿ ಹಾಕಸ್ಕೋತೀರಿ ಅವ್ವಾರ, ತೋರಸ್ರಿ" ಅಂದಳು. ಹೆಣಮಗಳಲ್ಲ, ತೋರಿಸಿದೆ. ಹೆಮ್ಮಿಲೆ ತೋರಿಸಿದೆ ನೋಡ್ರಿ.

ಆಕಿ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. ಆಕಿ ಮಾರಿ ನೋಡಿ ನನ್ನ ನಗಿ ಅಲ್ಲೇ ನಿಂತಿತು.

"ಇದು ಎಷ್ಟ ದಿವಸದ ಗಂಟ್ರಿ?"

"ವರ್ಷದ ಹತ್ರ ಬಂತು. ಮದ್ದ ಹಿಡದೈತ್ರಿ."

"ಏನ ಹಿಡದೈತ್ರಿ?"

"ಮದ್ದು."

ಆಕಿ ಪಡದೆ ಸರಸಿ ನಮ್ಮ ಮನಿಯವ್ರನ್ನೂ ಸೊಸೀನ್ನೂ ಒಳಗ ಕರದಳು. "ಅಪ್ಪಾರ, ದಿನಾ ಈ ಒಂದ ಜಾಗಾದಾಗನ ಹಾಕತಿದ್ರೇನ್ರಿ?"

"ಹೌದ್ರಿ. ಒಂದ ದಿನಾನೂ ಗುರಿ ತಪ್ಪಿಲ್ಲ" ಅಂದ್ರು ಇವ್ರು.

"ಅಯ್ಯ ಶಿವನ" ಅಂದಳು ಸಿಸ್ಟರ್. ಆಮ್ಯಾಲ ಮೆಲ್ಲಕ, ನಾ ಅಂಗನವಾಡ್ಯಾಗ ತಾಯಂದ್ರಿಗೆ ಹೇಳತಿದ್ದಂಗ, ಬಿಡಿಸಿ ಹೇಳಿದಳು. ಒಂದ ಜಾಗಾದಾಗ ತಿರಿತಿರಿಗಿ ಚುಚ್ಚಿದ್ರ ತೊಗಲಿನ ಬುಡಕ ಕೊಬ್ಬ ಗಡ್ಡಿ ಕಟ್ಟತೈತಿ. ಅಲ್ಲಿ ನೋವ ಗೊತ್ತಾಗಂಗಿಲ್ಲ. ಅಲ್ಲಿ ಹಾಕಿದ ಇನ್ಸುಲಿನ್ ಅಲ್ಲೇ ಸಿಕ್ಕಿ ಬೀಳತೈತಿ, ರಕ್ತಕ್ಕ ಸೇರಂಗಿಲ್ಲ. ಸೇರಿದ್ರೂ ಒಂದ ದಿನ ಇಷ್ಟ, ಒಂದ ದಿನ ಅಷ್ಟ. ಸಕ್ಕರಿ ಇಳೀವಲ್ದು ಅಂತ ಡಾಕ್ಟರ್ ಮದ್ದ ಏರಿಸಿಕೋತ ಹೋದ್ರು. ಮೊಂಡ ಸೂಜಿ ಬ್ಯಾರೆ ಅದನ್ನ ಇನ್ನೂ ಕೆಡಿಸಿತು. "ಮೊನ್ನಿ ನಿಮ್ಮ ಸೊಸಿ ಹಾಕಿದ್ದು ಚಲೋ ಜಾಗಾದಾಗ. ಮೂವತ್ತನಾಕಕ್ಕ ಮೂವತ್ತನಾಕೂ ಮೈಗೆ ಹತ್ತಿತು. ಅದಕ್ಕ ಹಿಂಗಾತು. ಜಾಗಾ ಬದಲ ಮಾಡೂದಿದ್ರ ಮೊದಲ ನಮ್ಮನ್ನ ಕೇಳಿ ಮದ್ದ ಕಮ್ಮಿ ಮಾಡಸ್ಕೋಬೇಕಿತ್ತು. ಆದ್ರ ಸೂಜಿ ಹಾಕಿದ್ದ ಬರೋಬ್ಬರಿ ಹಾಕ್ಯಾಳ."

ನನ್ನ ತಲಿ ಗಿಮ್ ಅಂತು. ಗಂಗವ್ವಗ ಕರದು ತೋರಿಸಿದ ಗಂಟು! ಗಂಟ ಬರಲಿ ಅಂತ ಆಕಿಗೆ ಆಶೀರ್ವಾದ ಬ್ಯಾರೆ ಮಾಡಿದ್ದೆ! ನಮ್ಮ ಮನಿಯವ್ರು ತಮ್ಮ ಬಲಗೈ ಹೆಬ್ಬಟ್ಟ ನೋಡಕೋತ ನಿಂತಿದ್ರು. ಅವರ ಮಾರಿ ಹಂಗ ಬಿಳಚಿಕೊಂಡದ್ದು ನಾ ಎಂದೂ ನೋಡಿದ್ದಿಲ್ಲ. ರೇಣುಕಾ ಮಾತ್ರ ಒಮ್ಮೆ ದೊಡ್ಡ ಉಸರ ಬಿಟ್ಟಳು.

ಡಾಕ್ಟರ್ ಬಂದ್ರು. ಗಂಟ ನೋಡಿದ್ರು. ಸಿಟ್ಟಿಗೆದ್ರು. "ಏನ್ರಿ ಯಜಮಾನ್ರ, ಕುರೀಗೂ ಹಿಂಗ ಹಾಕಂಗಿಲ್ಲ. ಸುರುವಿಗೆ ಜಾಗಾ ಬದಲ ಮಾಡ್ರಿ ಅಂತ ಹೇಳಿದ್ವಿಲ್ಲೋ? ಯಾಕ ಮಾಡಲಿಲ್ಲ?"

ಇಲ್ಲಿ ಒಂದ ಮಾತ ಹೇಳಬೇಕು, ಇದನ್ನ ಹೇಳಾಕನ ಇಷ್ಟೆಲ್ಲಾ ಹೇಳೇನಿ. ಅವ್ರು ಬದಲ ಮಾಡತೇನಿ ಅಂದಿದ್ರು. ಗಂಟ ದೊಡ್ಡದಾದ ಮ್ಯಾಲ ಎರಡ ಸಲ, "ಇದೇನ ಕುರೀದಕ್ಕಿಂತ ದೊಡ್ಡದ ಆಗಾಕತ್ತೈತಿ, ಒಂದೆರಡ ದಿನ ಬಲಕ್ಕ ಹಾಕಲಿ?" ಅಂದಿದ್ರು. ಬಲಗಡೆ ನೋವಾಗತೈತಿ ಅಂತ ನಾನ ಬ್ಯಾಡ ಅಂದೆ. ಎರಡನೇ ಸಲ ಕೈ ಬಲಕ್ಕ ತಂದಾಗ ಆ ಕೈ ಮ್ಯಾಲ ಪಟ್ ಅಂತ ಹೊಡದು, "ನಿಮಗೇನ ಗೊತ್ತು, ಚುಚ್ಚಿಸಿಕೊಳ್ಳಾಕಿ ನಾ!" ಅಂತ ಒದರಿದ್ದೆ.

ಡಾಕ್ಟರ್ ಕೇಳಿದಾಗ ಅವ್ರು ಬಾಯಿ ತಗದ್ರು. ನನ್ನ ಕಡೆ ನೋಡಿದ್ರು. ನಾ ಏನ ಮಾಡಿದೆ? ಕಣ್ಣ ಕೆಳಗ ಹಾಕಿ ಸೀರಿ ನಿರಗಿ ಸರಿ ಮಾಡಾಕ ಹತ್ತಿದೆ.

"ನನಗ ತಿಳೀಲಿಲ್ರಿ ಸಾಹೇಬ್ರ. ತಪ್ಪ ನಂದ" ಅಂದ್ರು.

ಮದ್ದ ಭಾಳ ಕಮ್ಮಿ ಮಾಡಿ ಕೊಟ್ಟರು. ಹೊಟ್ಟಿನ ನಾಕ ಪಾಲ ಮಾಡಿ ವಾರಕ್ಕೊಂದ ಪಾಲ ಹಿಡೀಬೇಕು, ಆ ಪಾಲಿನ ಒಳಗೂ ನಿನ್ನಿ ಹಾಕಿದ ಜಾಗಾದಿಂದ ಒಂದ ಬಟ್ಟ ಬಿಟ್ಟು ಹಾಕಬೇಕು, ಗಂಟ ಕರಗೋತನಕ ಅದರ ತಂಟೆಕ್ಕ ಹೋಗಬಾರದು, ಪ್ರತಿ ಸಲ ಹೊಸಾ ಸೂಜಿ, ಚುಚ್ಚಿದ ಮ್ಯಾಲ ಹತ್ತ ಎಣಿಸಿ ತಗೀಬೇಕು ಅಂತ ಸಿಸ್ಟರ್ ಬಾಯಿಪಾಠ ಮಾಡಿಸಿದಳು. ಬೆರಳಲೆ ಒತ್ತಿ ಗಂಟ ಹುಡಕೋ ವಿದ್ಯಾ ನನಗ ಕಲಿಸಿದಾಕೀನೂ ಆಕಿನ. ಬರೂಮುಂದ ಬಸ್ ಸ್ಟ್ಯಾಂಡಿನ್ಯಾಗ ರೇಣುಕಾನ ಕೈ ಹಿಡದು, "ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋ ಯವ್ವಾ" ಅಂದೆ. "ನಾನೂ ನಿಮ್ಮ ಮ್ಯಾಲ ಕರದಂಟಿನ ಸಂಶೆ ಮಾಡಿದ್ದೆನಲ್ರಿ ಅತ್ತಿ, ಸಮಾ ಆತು ತಗೋರಿ" ಅಂತ ನಕ್ಕಳು. ಆ ಹುಡಿಗಿ ಮನಸ ದೊಡ್ಡದು.

ನಮ್ಮ ಮನಿಯವ್ರ ಜೋಡಿ ಸಮಾ ಆಗಲಿಲ್ಲ. ಮನಿಗೆ ಬಂದವ್ರು ಸಿರಿಂಜು ಮುಟ್ಟಲಿಲ್ಲ. ರೇಣುಕಾನ ಹಾಕಾಕ ಸುರು ಮಾಡಿದಳು, ಅವ್ರು ಆ ಹೊತ್ತಿಗೆ ಎದ್ದು ಹೊರಗ ಹೋಗತಿದ್ರು. ಸಕ್ಕರಿ ಹದಕ್ಕ ಬಂತು, ನನ್ನ ಕಾಲ ಉರಿ ಕಮ್ಮಿ ಆತು. ಅವ್ರು ಮಾತ್ರ ಒಣಗಾಕ ಹತ್ತಿದ್ರು. ಚಹಾದ ಅಂಗಡ್ಯಾಗ ಕುಂತು, "ನನ್ನ ಹೇಂತೀನ ನಾನ ಕೊಲ್ಲಾಕ ಹತ್ತಿದ್ದೆ" ಅಂತ ಬಂದವ್ರ ಮುಂದ ಹೇಳತಿದ್ರಂತ. ಆ ವರ್ಷ ಕುರಿಗೆ ಸೂಜಿ ಹಾಕೋ ಹೊತ್ತು ಬಂದ್ರೂ ಎದ್ದ ಹೋಗಲಿಲ್ಲ. ಕರಿಯಾಕ ಬಂದವ್ರಿಗೆ "ನನ್ನ ಕೈ ಬ್ಯಾಡ್ರಿ, ಬ್ಯಾರೆ ಯಾರನ್ನರ ಕರೀರಿ" ಅಂದ್ರು. ಸ್ವಂತ ಕುರಿಗೂ ಕಲ್ಲೋಳಿಯಿಂದ ಒಬ್ಬಾತನ್ನ ಕರಸಿದ್ರು. ಬಾಗಲದಾಗ ನಿಂತು ನೋಡಿದೆ, ಆತ ಸೂಜಿ ಹಾಕಿದಾಗೆಲ್ಲಾ ಕುರಿ ಒದರಾಕತ್ತಿದ್ದವು, ಇವ್ರು ಬೆನ್ನ ತಿರಿವಿ ಕುಂತಿದ್ರು. ಒಂದ ಮಾತ ಹೇಳಿದ್ರ ಮುಗೀತಿತ್ತು. ಹೇಳಾಕ ಬಾಯಿ ಬರವಲ್ದು. ಮೂವತ್ತ ವರ್ಷ ಮಕ್ಕಳಿಗೆ ಖರೆ ಹೇಳಬೇಕು ಅಂತ ಕಲಿಸಿದ ಬಾಯಿ ಅದು.

ಆಮ್ಯಾಲ ರೇಣುಕಾನ ತಾಯಿಗೆ ಆಪರೇಶನ್ ಆತು. ಆಕಿ ಹದಿನೈದ ದಿನ ತವರಿಗೆ ಹೋಗಬೇಕಾತು. ಹೋದ ಮರುದಿನ ಮುಂಜಾನಿ ನಾ ಸಿರಿಂಜು, ಬಾಟಲಿ ಇಟಗೊಂಡು ಹೊರಸಿನ ಮ್ಯಾಲ ಕುಂತೆ. ಕಣ್ಣಿಗೆ ಗೆರಿ ಕಾಣವಲ್ವು. ಅವ್ರು ಕಂಬಕ್ಕ ಆನಕೊಂಡು ನಿಂತಿದ್ರು.

"ಬರ್ರಿ" ಅಂದೆ.

"ನರ್ಸಬಾಯಿನ ಕರಕೊಂಡ ಬರತೇನಿ."

"ದಿನಕ್ಕ ಎರಡ ಸಲ ಕರಕೊಂಡ ಬರತೀರೇನ? ಬರ್ರಿ ಇಲ್ಲೆ."

"ಈ ಕೈಲೆ ಮುಟ್ಟಂಗಿಲ್ಲ ನಾ."

ನನಗ ತಡಿಯಾಕ ಆಗಲಿಲ್ಲ. ಅಳಕೋತ ಹೇಳಿದೆ. "ತಪ್ಪ ನಿಮ್ಮದಲ್ರಿ. ನೀವ ಬದಲ ಮಾಡತೇನಿ ಅಂದಿದ್ರಿ, ನಾ ನಿಮ್ಮ ಕೈಗೆ ಹೊಡದೆ. ಡಾಕ್ಟರ್ ಮುಂದ ಬಾಯಿ ಮುಚ್ಚಿಕೊಂಡ ಕುಂತೆ. ನನ್ನ ಪಾಪ ನೀವ ಯಾಕ ಹೊತ್ತಿರಿ?"

ಅವ್ರು ನನ್ನ ಒಂದ ನಮೂನಿ ನೋಡಿದ್ರು. "ನನಗ ನೆನಪಿಲ್ಲ ಅಂತ ತಿಳದಿ ಏನ? ಸತ್ತ ಬದಕಿ ಬಂದಿದ್ದಿ, ಮ್ಯಾಲ ಡಾಕ್ಟರ್ ಕಡಿಂದ ಬೈಸಿಕೊಳ್ಳಾಕ ಹಚ್ಚಬೇಕಿತ್ತೇನ ನಿನಗ?"

ನಾ ದಂಗಾದೆ. ಇಷ್ಟ ದಿನ ಎಲ್ಲಾ ಗೊತ್ತಿದ್ದೂ!

"ಮತ್ತ ಯಾಕ ಸೂಜಿ ಬಿಟ್ಟಿರಿ? ತಪ್ಪ ನಂದು ಅಂತ ಗೊತ್ತಿದ್ರ?"

"ಕುರಿಗೆ ಹಾಕೂಮುಂದ ಅದು ಒದರಿದ್ರೂ ನಾ ಕೈ ತಗೀತಿದ್ದಿಲ್ಲ. ನೀ ಚೀರಿದಿ, ಕೈ ತಗದೆ. ಬಲಕ್ಕ ನೋವಾಗತೈತಿ ಅಂದಿ, ಎಡಕ್ಕ ಬಂದೆ. ನಾಳೆ ಮತ್ತ ಚೀರತಿ, ನಾ ಮತ್ತ ನೋವ ಆಗದ ಕಡೆ ಹಾಕತೇನಿ. ನಿನ್ನ ಕೊಲ್ಲೂ ಚಾಳಿ ಅದ ನಂದು" ಅಂದ್ರು. ಎಪ್ಪತ್ತ ದಾಟಿದ ಗಂಡಸು, ಮರಿ ಸತ್ತ ಹುಟ್ಟಿದ್ರೂ ಕಣ್ಣಾಗ ನೀರ ತರದಾಂವ, ಧೋತರದ ಚುಂಗಿಲೆ ಕಣ್ಣ ಒರಸಿಕೊಂಡ್ರು.

ಹೊರಸಿನ ಮ್ಯಾಲ ಅಡ್ಡ ಆಗಿ, ಗ್ವಾಡಿ ಕಡೆ ಸರದು, ಬಲಬಾಜೂ ಸೀರಿ ಸರಸಿದೆ. ಅವ್ರು ಹೊಸಾ ಸೂಜಿ ತಗದ್ರು. ಗೆರಿ ನೋಡ್ಕೋತ ಮದ್ದ ತುಂಬಿದ್ರು. ತೊಗಲ ಎತ್ತಿ ಹಿಡದು ಚುಚ್ಚಿದ್ರು. ಯವ್ವಾ, ಕಣ್ಣಿಗೆ ಕತ್ತಲಿ ಬಂತು! ಸೆರಗ ಹಲ್ಲಾಗ ಕಚ್ಚಿ ಹಿಡದೆ. ಅವ್ರು ಎಣಸಾಕತ್ತಿದ್ರು, ಒಂದ, ಎರಡ, ಮೂರ, ಹತ್ತರ ತನಕ, ನನ್ನ ಮಾರಿ ಮ್ಯಾಲಿನ ಕಣ್ಣ ತಗೀಲಿಲ್ಲ.

ಸೂಜಿ ತಗದು ಕೇಳಿದ್ರು. "ನೋವಾತೇನ?"

ಇಲ್ಲ ಅನ್ನೂದ ನಾಲಿಗಿ ತುದಿಗೆ ಬಂದಿತ್ತು.

"ಭಾಳ ಆತ್ರಿ. ನಾಳೆ ಇನ್ನೊಂದ ಬಟ್ಟ ಬಾಜೂ ಹಾಕ್ರಿ" ಅಂದೆ.